ಕಾಫಿ ಕಣದ ಇಂಗ್ಲಿಷ್ ಹಾಡುಗಳು

ನನ್ನ ಮೊಮ್ಮಗಳು ತಾರಾ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು. ಮೊದಲು ಈ ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಐರ್ಲೆಂಡ್ ಹೇಗಿದೆ, ಏನು ತಿಂದೆ, ವಿಮಾನದಲ್ಲಿ ಕಿವಿ ನೋವು ಬಂತೋ ಇಲ್ಲವೋ ಎಂದು ಮಲ್ಲಂದೂರಿನಲ್ಲಿ ಬಸ್ಸಿಗೆ ಕಾಯುವವರೆಲ್ಲ ಕೇಳುತ್ತಾರೆ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಮೊಮ್ಮಗಳು ಅಜ್ಜಿಯ ಜೊತೆ ಮಾತಾಡುವುದರಲ್ಲಿ ಏನು ವಿಶೇಷ ಲಲಿತಕ್ಕ ಎನ್ನುತ್ತಾರೆ. ವಿಶೇಷ ಇರುವುದರಿಂದಲೇ ಇಷ್ಟು ಬರೆಯಲು ಕೂತೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಪ್ಪು ಕಂಡರೆ ನೀವೇ ಸರಿಮಾಡಿಕೊಂಡು ಓದಿಕೊಳ್ಳಿ.

ನನ್ನ ಮಗಳು ಸುಜಾತ ಅಲ್ಲಿ ನರ್ಸ್. ಅಲ್ಲಿಯವನನ್ನೇ ಮದುವೆಯಾಗಿದ್ದಾಳೆ. ಅಳಿಯನ ಹೆಸರು ಡೆಕ್ಲನ್, ಬಡಗಿ ಕೆಲಸ, ಒಳ್ಳೆಯವನು. ಅವರ ಒಬ್ಬಳೇ ಮಗಳು ತಾರಾ, ಒಂಬತ್ತು ವರ್ಷ. ತಾರಾ ಎಂದರೆ ಅಲ್ಲಿಯವರ ಹೆಸರೂ ಹೌದು, ನಮ್ಮ ಹೆಸರೂ ಹೌದು, ಹಾಗಾಗಿ ಹೆಸರಿಡುವಾಗ ಜಗಳವಾಗಲಿಲ್ಲವಂತೆ.

ಸುಜಾತ ಮಗಳ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡುವುದಿಲ್ಲ. ತಾರಾಗೆ ಒಂದೊಂದು ಮಾತೂ ಅರ್ಥವಾಗುತ್ತದೆ. ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಮೊದಲು ಹಾಗಿರಲಿಲ್ಲ. ಅವಳಿಗೆ ಐದು ವರ್ಷವಾಗಿದ್ದಾಗ ನಮ್ಮ ಮನೆಯ ಒಂದು ಮದುವೆಗೆ ಬಂದಿದ್ದರು. ಚಪ್ಪರದ ಕೆಳಗೆ ಊಟಕ್ಕೆ ಕೂತಾಗ ಮಗು ಕನ್ನಡದಲ್ಲಿ ಉಪ್ಪಿನಕಾಯಿ ಬೇಕೆಂದಳು. ಅವಳ ನಾಲಿಗೆಯಲ್ಲಿ ಆ ಮಾತು ಬೇರೆಯೇ ಥರ ಹೊರಳಿತು. ಸಾಲಿಗೆ ಸಾಲೇ ನಕ್ಕಿತು. ಇನ್ನೊಂದ್ಸಲ ಹೇಳು ಪುಟ್ಟಿ ಎಂದರು. ಹೇಳಿದಳು. ಅಡುಗೆ ಮಾಡುತ್ತಿದ್ದವರನ್ನು ಕರೆಸಿ ಮತ್ತೊಂದು ಸಲ ಹೇಳಿಸಿದರು. ಎಲ್ಲರೂ ನಕ್ಕಿದ್ದು ಪ್ರೀತಿಗೆ. ಐದು ವರ್ಷದ ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ಅವತ್ತು ಮುಚ್ಚಿದ ಬಾಯಿ. ಫೋನಿನಲ್ಲಿ ಮುಖ ತೋರಿಸುತ್ತಾಳೆ, ಕೈ ಬೀಸುತ್ತಾಳೆ, ಓಡುತ್ತಾಳೆ. ನನಗೆ ಇಂಗ್ಲಿಷ್ ಬಾರದು. ಹೀಗಾಗಿ ನಾವಿಬ್ಬರೂ ನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಕಳೆದೆವು.

ಅಲ್ಲಿಯ ಬೇಸಿಗೆ ಮುಗಿಯುವ ತನಕ ಇರಲು ನನಗೆ ವೀಸಾ ಸಿಕ್ಕಿತು. ನಮ್ಮ ಮನೆಯವರು ಹಸು ಬಿಟ್ಟು ಬರುವವರಲ್ಲ, ನಾನೊಬ್ಬಳೇ ಹೊರಟೆ. ಏನು ತರಲಿ ಎಂದು ಸುಜಾತಳನ್ನು ಕೇಳಿದೆ, ಉದ್ದನೆಯ ಪಟ್ಟಿ ಹೇಳಿದಳು. ನನಗೆ ಅಲ್ಲಿಂದ ಬೇಕಾಗಿದ್ದು ಒಂದೇ. ಆ ಹುಡುಗಿಯ ಬಾಯಿಂದ ಒಂದು ಮಾತು. ಅದಿಲ್ಲದೆ ವಾಪಸು ಬಂದರೆ ಇಷ್ಟು ದೂರ ಹೋಗಿಯೂ ಫೋನು ನೋಡಿದ ಹಾಗೇ ಆಗುತ್ತದೆ ಎಂದು ಒಳಗೇ ಕೊರೆಯುತ್ತಿತ್ತು.

ಗಾಲಿಕುರ್ಚಿ

ಭಾಷೆ ಬಾರದವರು ಗಾಲಿಕುರ್ಚಿ ಕೇಳಿಕೊಂಡರೆ ಅವರೇ ತಳ್ಳಿಕೊಂಡು ಹೋಗಿ ಸರಿಯಾದ ಬಾಗಿಲಿಗೆ ಬಿಡುತ್ತಾರೆ, ದಾರಿ ತಪ್ಪುವ ಭಯವಿಲ್ಲ ಎಂದು ಸುಜಾತ ಹೇಳಿದ್ದಳು. ಗುಡ್ಡ ಹತ್ತಿ ಸೌದೆ ಹೊತ್ತು ಬರುವವಳು ನಾನು. ಕುರ್ಚಿಯಲ್ಲಿ ಕೂರಲು ನಾಚಿಕೆ. ಆದರೂ ಮಗಳ ಮಾತಿಗೆ ಕೂತೆ. ಬೆಂಗಳೂರಿನಲ್ಲಿ ತಳ್ಳಿದವಳು ಗಟ್ಟಿಮುಟ್ಟಾದ ಹುಡುಗಿ, ಹೇಗೋ ನಡೆಯಿತು. ಅಲ್ಲಿ ಇಳಿದ ಮೇಲೆ ಬಂದವರು ನನಗಿಂತ ವಯಸ್ಸಾದ ಗಂಡಸು. ಕೆಂಪು ಮುಖ, ಹೊಟ್ಟೆ ಮುಂದೆ, ಒಂದು ಏರಿನಲ್ಲಿ ಅವರ ಉಸಿರು ನನ್ನ ತಲೆಯ ಮೇಲೆ ಕೇಳಿಸಿತು. ಇದು ನ್ಯಾಯವಲ್ಲ ಅನ್ನಿಸಿ ಇಳಿದೆ. ಅವರು ಬೇಡಬೇಡ ಎನ್ನುವ ಹಾಗೆ ಕೈ ಆಡಿಸಿದರು. ನಾನು ನನ್ನ ಚೀಲವನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಹಿಡಿ ಹಿಡಿದುಕೊಂಡೆ. ಇಬ್ಬರೂ ಸೇರಿ ತಳ್ಳಿದೆವು. ಹೊರಗೆ ಹೂವು ಹಿಡಿದು ನಿಂತಿದ್ದ ಸುಜಾತಳಿಗೆ ಕಂಡಿದ್ದು ಅಮ್ಮ ಮತ್ತು ಒಬ್ಬ ಮುದುಕರು ಸೇರಿ ಚೀಲಕ್ಕೆ ಸವಾರಿ ಮಾಡಿಸುತ್ತಿರುವುದು.

ತಾರಾ ಅಮ್ಮನ ಪಕ್ಕ ನಿಂತಿದ್ದಳು. ಬಂದು ನನ್ನನ್ನು ತಬ್ಬಿಕೊಂಡಳು, ಚೀಲ ತೆಗೆದುಕೊಂಡಳು. ಮಾತಿಲ್ಲ.

ದಾರಿಯಲ್ಲಿ ಕಾರಿನ ತುಂಬ ಕಾಫಿ ವಾಸನೆ ಬರತೊಡಗಿತು. ಮನೆಗೆ ಹೋಗಿ ನೋಡಿದರೆ ಸೂಟ್‌ಕೇಸಿನೊಳಗೆ ಪುಡಿಯ ಪೊಟ್ಟಣ ಒಡೆದು ಸೀರೆಯ ಒಂದೊಂದು ಮಡಿಕೆಗೂ ಇಳಿದಿತ್ತು. ಎಷ್ಟು ತೊಳೆದರೂ ಹೋಗಲಿಲ್ಲ. ಆಮೇಲೆ ಅಲ್ಲಿಯವರು ನನ್ನನ್ನು ನೋಡುವ ಮೊದಲೇ ನಾನು ಬಂದಿದ್ದು ತಿಳಿಯುತ್ತಿತ್ತು.

ಕಡಲ ಪಕ್ಕದ ಊರು

ಅವರದು ಸಣ್ಣ ಊರು, ನಮ್ಮ ವಸ್ತಾರೆಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಕಡಲು, ಇನ್ನೊಂದು ಕಡೆ ಕಲ್ಲುಗೋಡೆ ಹಾಕಿದ ಹುಲ್ಲುಗಾವಲು, ಅದರಲ್ಲಿ ಕುರಿಗಳು. ಜನ ಹವೆಯ ವಿಷಯವಿಲ್ಲದೆ ಮಾತು ಶುರುಮಾಡುವುದಿಲ್ಲ. ಅದರಲ್ಲಿ ಅವರು ನಮ್ಮವರೇ. ಆದರೆ ನಾವು ಮೋಡ ನೋಡಿ ಒಣಹಾಕಿದ ಕಾಫಿ ಮುಚ್ಚಲು ಓಡುತ್ತೇವೆ, ಅವರು ಮೋಡ ನೋಡಿ ನಗುತ್ತಾ ನಿಲ್ಲುತ್ತಾರೆ.

ನನಗೆ ಬಹಳ ಹಿಡಿಸಿದ್ದು ಬಸ್ಸಿನಲ್ಲಿ. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಶಾಲೆ ಮಕ್ಕಳೂ ಹೇಳುತ್ತಾರೆ, ಕೋಲೂರುವ ಮುದುಕಿಯೂ ಹೇಳುತ್ತಾಳೆ. ಮೂಡಿಗೆರೆಯಿಂದ ಕಳಸಕ್ಕೆ ಅಷ್ಟು ತಿರುವು ತಿರುಗಿಸಿ ಜೀವ ಉಳಿಸಿ ತಂದು ಬಿಡುವ ಡ್ರೈವರಿಗೆ ನಾವು ಒಂದು ದಿನವಾದರೂ ಹೇಳಿದ್ದೇವೆಯೇ? ನಿಲ್ಲಿಸುವ ಜಾಗ ಎರಡು ಮಾರು ಮುಂದಾದರೆ ಬೈಯುತ್ತೇವೆ. ನಾನೂ ಹೇಳಬೇಕೆಂದು ಮೊದಲ ದಿನ ಬಾಗಿಲಲ್ಲಿ ನಿಂತೆ. ಇಂಗ್ಲಿಷ್ ಮಾತು ಬಾಯಿಗೆ ಬರಲಿಲ್ಲ, ಬರ್ತೀನಪ್ಪ ಅಂದೆ. ಅವನು ಏನು ತಿಳಿದುಕೊಂಡನೋ, ಟೊಪ್ಪಿ ಮುಟ್ಟಿಕೊಂಡ.

ತಾರಾ ಒರಟು ಹುಡುಗಿಯಲ್ಲ, ಅದನ್ನು ಹೇಳಲೇಬೇಕು. ನಾನು ಮಲಗುವ ಮೊದಲು ಹಾಸಿಗೆಯ ಪಕ್ಕ ನೀರು ಇಟ್ಟಿರುತ್ತಿದ್ದಳು. ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗಿಸಬೇಕೆಂದು ಕೈಹಿಡಿದು ತೋರಿಸಿದಳು. ಗಾಳಿಗೆ ನನ್ನ ಸೀರೆ ತಂತಿಯಿಂದ ಹಾರಿ ಪಕ್ಕದವರ ಕುರಿಯ ಮೇಲೆ ಬಿದ್ದು, ಕುರಿ ಸೀರೆ ಉಟ್ಟುಕೊಂಡು ಹುಲ್ಲುಗಾವಲು ತುಂಬ ಓಡಿದಾಗ, ಕಲ್ಲುಗೋಡೆ ಹಾರಿ ಹಿಡಿದು ತಂದವಳೂ ಅವಳೇ. ತಂದು, ಮಡಿಸಿ, ಕೈಗೆ ಕೊಟ್ಟಳು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ದಿನಗಳು ಹೀಗೇ ಹೋದವು. ಒತ್ತಾಯ ಮಾಡಬೇಡ ಅಮ್ಮ ಎಂದಳು ಸುಜಾತ. ಮಾಡಲಿಲ್ಲ. ಆದರೆ ರಜ ಮುಗಿಯುತ್ತಾ ಬಂತು ಎಂದು ಅವರು ಮಾತಾಡಿಕೊಂಡಾಗಲೆಲ್ಲ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ.

ಸೂಪರ್‌ಮಾರ್ಕೆಟ್

ಒಂದು ದಿನ ಸಾಮಾನು ತರಲು ದೊಡ್ಡ ಅಂಗಡಿಗೆ ಹೋಗಿದ್ದೆವು. ನಾನು ಈರುಳ್ಳಿ ಆರಿಸುತ್ತಿದ್ದೆ. ಮೇಲೆ ಚಾವಣಿಯಿಂದ ಒಂದು ಹಾಡು ಬರಲು ಶುರುವಾಯಿತು. ಕೈಯಲ್ಲಿದ್ದ ಈರುಳ್ಳಿ ಹಾಗೇ ನಿಂತಿತು.

ಅದು ನಮ್ಮ ಕಣದ ಹಾಡು.

ಈಗ ಕಣದ ವಿಷಯ ಹೇಳಬೇಕು. ಆಗ ನನಗೆ ಇಪ್ಪತ್ತರ ಆಸುಪಾಸು. ನಮಗೂ ಒಂದಿಷ್ಟು ತೋಟವಿತ್ತು, ಆದರೆ ನಮ್ಮ ಕೊಯ್ಲು ಬೇಗ ಮುಗಿಯುತ್ತಿತ್ತು. ಆಮೇಲೆ ಪಕ್ಕದ ಎಸ್ಟೇಟಿನ ಕಣಕ್ಕೆ ಹೋಗುತ್ತಿದ್ದೆ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದನ್ನು ಕಣದಲ್ಲಿ ತೆಳ್ಳಗೆ ಹರಡಿ, ಉದ್ದನೆಯ ಹಿಡಿಯಿರುವ ಮರದ ಹಲಗೆಯಿಂದ ಎಳೆದು ಎಳೆದು ಮಗುಚುತ್ತಲೇ ಇರಬೇಕು. ಸಾಲಾಗಿ ನಿಂತು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದು, ತುದಿ ಮುಟ್ಟಿದ ಕೂಡಲೇ ಹಿಡಿಯಿಂದ ನೆಲಕ್ಕೆ ಒಂದು ಸಲ ಕುಟ್ಟಿ, ಎಲ್ಲರೂ ಒಟ್ಟಿಗೆ ಹೋಯ್ ಎಂದು ಕೂಗಿ ತಿರುಗುವುದು. ಕೂಗದಿದ್ದರೆ ಒಬ್ಬಳ ಹಿಡಿ ಇನ್ನೊಬ್ಬಳ ತಲೆಗೆ ಬಡಿಯುತ್ತದೆ.

ಎಸ್ಟೇಟಿನ ಸಣ್ಣ ಗೌಡ್ರಿಗೆ ಇಂಗ್ಲಿಷ್ ಹಾಡಿನ ಹುಚ್ಚು. ವಾರಕ್ಕೊಮ್ಮೆ ರೇಡಿಯೋದಲ್ಲಿ ಹೊರದೇಶದ ಹಾಡು ಬರುವಾಗ ಟೇಪಿಗೆ ಇಳಿಸಿಕೊಳ್ಳುತ್ತಿದ್ದರು. ಗಣಪತಿ ಹಬ್ಬದ ಮೈಕ್‌ಸೆಟ್ಟು ಗೋಡೌನಿನಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ಕಣದ ಮೂಲೆಯ ಸಿಲ್ವರ್ ಮರಕ್ಕೆ ಕಟ್ಟಿಸಿ, ನೀವೂ ಕೇಳ್ರಮ್ಮ ಎಂದು ಹಾಕುತ್ತಿದ್ದರು. ಮೊದಮೊದಲು ಕಿವಿ ಮುಚ್ಚಿಕೊಂಡೆವು. ಆಮೇಲೆ ಕಾಲು ತಾನಾಗಿ ತಾಳ ಹಾಕತೊಡಗಿತು. ಮಾತು ಅರ್ಥವಾಗುತ್ತಿರಲಿಲ್ಲ, ನಮ್ಮದೇ ಮಾತು ಹಾಕಿಕೊಂಡೆವು.

ಬಿಸಿಲು ಬಂತು ಬಾರೆ, ಎಳಿ ಎಳಿ ಎಳಿ,
ಮೋಡ ಬರೋ ಮುಂಚೆ, ಎಳಿ ಎಳಿ ಎಳಿ.

ಹಾಡುಗಳಿಗೆ ಹೆಸರೂ ನಾವೇ ಇಟ್ಟೆವು. ಶಿಳ್ಳೆ ಹಾಡು, ಅಳೋ ಹಾಡು, ಚಪ್ಪಾಳೆ ಹಾಡು. ಮಧ್ಯಾಹ್ನ ಮೈ ಭಾರವಾದಾಗ ಅಳೋ ಹಾಡು ಸರಿ. ಮೋಡ ಕಟ್ಟಿ ಕಾಫಿಯನ್ನೆಲ್ಲ ಬೇಗ ಗುಡ್ಡೆ ಮಾಡಿ ಮುಚ್ಚಬೇಕಾದಾಗ ಶಿಳ್ಳೆ ಹಾಡು. ದಿನವಿಡೀ ಎಳೆಯುವುದಕ್ಕೆ ಚಪ್ಪಾಳೆ ಹಾಡು. ಕೈಯಲ್ಲಿ ಹಲಗೆ ಇರುವುದರಿಂದ ಚಪ್ಪಾಳೆಯ ಜಾಗದಲ್ಲಿ ನಾವು ಹಿಡಿ ಕುಟ್ಟುತ್ತಿದ್ದೆವು. ಅದರ ಮಧ್ಯೆ ಒಂದು ಕಡೆ ನಮ್ಮ ರೈಟರ್, ಎಂದರೆ ಆಳುಗಳ ಲೆಕ್ಕ ನೋಡುವ ಗುಮಾಸ್ತರು, ಕೂಗಿದ್ದು ಟೇಪಿಗೆ ಸೇರಿಕೊಂಡಿತ್ತು. ಸಣ್ಣ ಗೌಡ್ರು ಆಫೀಸಿನಲ್ಲಿ ಕೂತು ಟೇಪಿಗೆ ಇಳಿಸುವಾಗ ರೈಟರ್ ಕಿಟಕಿಯಿಂದ ಹೊರಗೆ ಯಾರಿಗೋ ಗದರಿದ್ದರು. ಎಷ್ಟು ಸಲ ಹಾಕಿದರೂ ಆ ಜಾಗ ಬಂದಾಗ ರೈಟರ್ ಗದರುತ್ತಿದ್ದರು, ಹಾಡು ಮುಂದೆ ಹೋಗುತ್ತಿತ್ತು.

ಈರುಳ್ಳಿ ಹಿಡಿದುಕೊಂಡು ನಾನು ರೈಟರ್ ಕೂಗನ್ನು ಕಾದೆ. ಬರಲಿಲ್ಲ. ಆ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಎಷ್ಟು ಚೆನ್ನಾಗಿ ದನಿ ಏರಿಸಿ ಹಾಡಿದಳೆಂದರೆ, ಇಷ್ಟು ವರ್ಷ ಅವಳು ನಮ್ಮ ರೈಟರ್ ಹಿಂದೆ ಅಡಗಿ ಕೂತಿದ್ದಳಲ್ಲ ಅನ್ನಿಸಿತು.

ಇದು ನಮ್ಮ ಕಣದ ಹಾಡು, ಇಲ್ಲಿಗೆ ಹೇಗೆ ಬಂತು ಎಂದು ಸುಜಾತಳನ್ನು ಕೇಳಿದೆ. ಅವಳು ಗಾಡಿ ನಿಲ್ಲಿಸಿ ನಕ್ಕಳು. ಎಂಬತ್ತರ ದಶಕದಲ್ಲಿ ಇದು ಪ್ರಪಂಚದಲ್ಲೆಲ್ಲ ನಂಬರ್ ಒನ್ ಆಗಿತ್ತಂತೆ. ಶಾಲೆಯಲ್ಲಿ ಮಕ್ಕಳಿಗೆ ರ‍್ಯಾಂಕ್ ಕೊಟ್ಟ ಹಾಗೆ ಅಲ್ಲಿ ವಾರವಾರ ಹಾಡುಗಳಿಗೂ ಕೊಡುತ್ತಿದ್ದರಂತೆ, ಇದು ತುಂಬಾ ವಾರ ಮೊದಲನೆಯದಾಗಿ ನಿಂತಿತ್ತಂತೆ. ಸುತ್ತ ನೋಡಿದೆ. ನನ್ನ ವಯಸ್ಸಿನವರೆಲ್ಲ, ಬ್ರೆಡ್ಡಿನ ಹತ್ತಿರ ನಿಂತ ಹೆಂಗಸು, ಹಾಲು ತೆಗೆದುಕೊಳ್ಳುತ್ತಿದ್ದ ಗಂಡಸು, ತುಟಿಯೊಳಗೇ ಹಾಡುತ್ತಿದ್ದರು. ನಾವು ಅಲ್ಲಿ ಬಿಸಿಲಿನಲ್ಲಿ ಎಳೆಯುತ್ತಿದ್ದಾಗ ಇವರೆಲ್ಲ ಇಲ್ಲಿ ಇದಕ್ಕೇ ಕುಣಿಯುತ್ತಿದ್ದರಲ್ಲ. ನಮ್ಮದೊಂದು ಮೂಲೆ, ಯಾರಿಗೂ ಗೊತ್ತಿಲ್ಲ ಎಂದು ನಾವು ತಿಳಿದುಕೊಂಡಿದ್ದೆವು. ಯಾರದೋ ಮನೆಯ ಹಾಡು ನಮ್ಮ ಮನೆಯದಾಗಿತ್ತು, ನಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಇದನ್ನು ಎಷ್ಟು ಯೋಚಿಸಿದರೂ ನನಗೆ ಮುಗಿಯುವುದಿಲ್ಲ.

ಬೀಗರ ಮನೆ

ಅಳಿಯನ ತಂದೆ ಮಾರ್ಟಿನ್, ನನ್ನ ಬೀಗರು. ಬಸ್ ಡ್ರೈವರ್ ಆಗಿದ್ದವರು, ಈಗ ನಿವೃತ್ತರು. ಹೆಂಡತಿ ತೀರಿಕೊಂಡಿದ್ದಾರೆ. ಅವರ ಮನೆಗೆ ಮೊದಲ ಸಲ ಹೋದಾಗ ಒಂದು ಫಜೀತಿಯಾಯಿತು. ಬೀಗರು ಕೂರುವ ಮೊದಲು ನಾವು ಕೂರುವ ಪದ್ಧತಿಯಿಲ್ಲ. ಹೆಂಗಸರು ಕೂರುವ ಮೊದಲು ಗಂಡಸರು ಕೂರುವುದು ಅವರ ಪದ್ಧತಿಯಲ್ಲವಂತೆ. ಅವರು ಕೂರಲಿ ಎಂದು ನಾನು, ನಾನು ಕೂರಲಿ ಎಂದು ಅವರು, ಟೀ ಆರುತ್ತಿದೆ. ಸುಜಾತ ಒಳಗಿದ್ದಳು. ಕೊನೆಗೆ ತಾರಾ ಎದ್ದು ಬಂದು ನನ್ನ ಒಂದು ಕೈ, ತಾತನ ಒಂದು ಕೈ ಹಿಡಿದು ಇಬ್ಬರನ್ನೂ ಒಟ್ಟಿಗೆ ಎಳೆದು ಕೂರಿಸಿದಳು. ಆಗಲೂ ಬಾಯಿ ಬಿಡಲಿಲ್ಲ.

ಅಂಗಡಿಯಲ್ಲಿ ನಡೆದದ್ದನ್ನು ಸುಜಾತ ಬೀಗರಿಗೆ ಹೇಳಿದಳು. ಅವರ ಕಣ್ಣು ಹೊಳೆಯಿತು. ಪ್ರಾಯದಲ್ಲಿ ಊರಿನ ಸಮುದಾಯ ಭವನದಲ್ಲಿ ಹುಡುಗ ಹುಡುಗಿಯರು ಕುಣಿಯುವಾಗ ಹಾಡು ಹಾಕುತ್ತಿದ್ದವರು ಅವರೇ. ಒಂದು ಗೋಡೆ ತುಂಬ ಕಪ್ಪು ತಟ್ಟೆಯಂಥ ರೆಕಾರ್ಡುಗಳಿದ್ದವು. ತಾರಾ ಚಿಕ್ಕಂದಿನಿಂದ ಅದನ್ನು ಕೇಳಿಯೇ ಬೆಳೆದವಳು. ಎಂಬತ್ತರ ಹಾಡುಗಳು ಅವಳಿಗೆ ಬಾಯಿಪಾಠ.

ಚಪ್ಪಾಳೆ ಹಾಡು ಹಾಕಿದರು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಆ ಜಾಗ ಬಂತು. ಬರುವುದೆಂದು ಗೊತ್ತಿತ್ತು, ತಡೆದುಕೊಳ್ಳಲು ಆಗಲಿಲ್ಲ. ರೈಟರ್ ದನಿಯಲ್ಲೇ, "ಯಾರೇ ಅದು ನೆರಳಲ್ಲಿ ಕೂತಿರೋದು, ಏಳ್ರೇ ಮೇಲೆ" ಎಂದು ಗದರಿಬಿಟ್ಟೆ.

ಬೀಗರು ಬೆಚ್ಚಿದರು. ಸುಜಾತ ಅರ್ಥ ಹೇಳಿದ ಮೇಲೆ ಕಣ್ಣೀರು ಬರುವಷ್ಟು ನಕ್ಕರು. ಹಾಡನ್ನು ಹಿಂದಕ್ಕೆ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಸಲ ಕೂಗಿ ಎಂದು ಸನ್ನೆ ಮಾಡಿದರು. ಕೂಗಿದೆ. ಮತ್ತೆ ನಕ್ಕರು. ಡೆಕ್ಲನ್ ಹೊರಗಿದ್ದಾನೆ, ಅವನಿಗೂ ಕೇಳಿಸಬೇಕೆಂದು ಕರೆದರು, ಮತ್ತೆ ಹಾಕಲು ಹೋದರು.

ಅಷ್ಟರಲ್ಲಿ ತಾರಾ ಎದ್ದು ಬಂದು ರೆಕಾರ್ಡಿನ ಮುಳ್ಳು ಎತ್ತಿಟ್ಟಳು. ತಾತನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಜೋರಾಗಿ ಅಲ್ಲ. ಬೀಗರ ನಗು ನಿಂತಿತು. ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಏನಂದಳು ಎಂದು ಕೇಳಿದೆ. ಸುಜಾತ ಹೇಳಿದಳು.

"ಅಜ್ಜಿ ಹತ್ರ ಮತ್ತೆ ಮತ್ತೆ ಹೇಳಿಸ್ಬೇಡ, ಅವರೇನು ಆಟದ ಸಾಮಾನಾ ಅಂತ ಕೇಳಿದ್ಲು ಅಮ್ಮ."

ನನಗೆ ಒಂದಿಷ್ಟೂ ಬೇಜಾರಾಗಿರಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. ಆದರೆ ಮೆಟ್ಟಿಲ ಮೇಲೆ ಕೂತ ಆ ಸಣ್ಣ ಬೆನ್ನು ನೋಡಿದಾಗ, ಆ ಮದುವೆಯ ಊಟದ ಸಾಲಿನಿಂದ ಅವಳು ಇನ್ನೂ ಎದ್ದಿಲ್ಲ ಎಂದು ಗೊತ್ತಾಯಿತು.

ಅಡುಗೆಮನೆಯ ಮೇಜು

ಮಾರನೆಯ ಬೆಳಿಗ್ಗೆ ನಾನು ಸೊಪ್ಪು ಬಿಡಿಸುತ್ತಾ ಎಳಿ ಎಳಿ ಎಂದು ಹಾಡಿಕೊಳ್ಳುತ್ತಿದ್ದೆ. ತಾರಾ ಬಂದು ಎದುರಿಗೆ ಕೂತಳು. ಅವಳ ಪ್ರೀತಿಯ ಹಾಡಿಗೆ ನಾನು ಬೇರೆ ಮಾತು ಹಾಕಿದ್ದು ಅವಳಿಗೆ ಸಹಿಸಲಾಗಲಿಲ್ಲ ಎಂದು ಕಾಣುತ್ತದೆ. ಪಲ್ಲವಿಯ ಮೊದಲ ಸಾಲನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿ ನನ್ನ ಬಾಯಿ ನೋಡಿದಳು. ಹೇಳು ಎಂದರ್ಥ. ಹೇಳಿದೆ.

ನನ್ನ ಬಾಯಲ್ಲಿ ಆ ಇಂಗ್ಲಿಷ್ ಏನಾಯಿತೆಂದು ನಾನೇ ಹೇಳಬಾರದು. ಒಲೆಯ ಹತ್ತಿರ ನಿಂತಿದ್ದ ಡೆಕ್ಲನ್ ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದ. ನನಗೇ ನಗು ಬಂತು. ತಾರಾ ನಗಲಿಲ್ಲ. ತುಟಿ ಬಿಗಿಹಿಡಿದು, ಹುಬ್ಬು ಗಂಟಿಕ್ಕಿ, ಮತ್ತೆ ಹೇಳಿಕೊಟ್ಟಳು. ನಾನು ತಪ್ಪಿದಾಗ ತಲೆ ಅಲ್ಲಾಡಿಸುವುದು, ಸರಿ ಹೇಳಿದಾಗ ಒಂದು ಬೆರಳಿನಿಂದ ಮೇಜು ತಟ್ಟುವುದು. ನಾಲ್ಕನೇ ಕ್ಲಾಸಿನವರೆಗೆ ನನಗೆ ಪಾಠ ಹೇಳಿದವರು ಯಾರೂ ನಾನು ತಪ್ಪಿದಾಗ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಹೀಗೇ ನಡೆಯಿತು. ಮೇಜಿನ ಆ ಕಡೆ ಅವಳು, ಈ ಕಡೆ ನಾನು, ನಡುವೆ ಸೊಪ್ಪು. ಅವಳು ಎಲೆ ಬಿಡಿಸಲು ಕಲಿತಳು. ನಾನು ಎರಡು ಸಾಲು ಇಂಗ್ಲಿಷ್ ಕಲಿತೆ. ಕನ್ನಡ ಮಾತ್ರ ಬರಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಒಂದು ಭಾನುವಾರ ಆ ಊರಿನವರು ಸಮುದಾಯ ಭವನದಲ್ಲಿ ಸೇರುತ್ತಾರೆ. ಒಂದೊಂದು ಮನೆಯವರೂ ಒಂದೊಂದು ಹಾಡು ಹಾಡಬೇಕು. ಈ ಸಲ ಎಂಬತ್ತರ ದಶಕದ ಹಾಡುಗಳೇ ಆಗಬೇಕೆಂದು ಗೊತ್ತು ಮಾಡಿದ್ದರು. ಬೀಗರು ಅಕಾರ್ಡಿಯನ್ ನುಡಿಸುವುದು, ತಾರಾ ಹಾಡುವುದು ಎಂದಾಗಿತ್ತು. ಬೀಗಿತ್ತಿಯೂ ನಮ್ಮ ಮನೆಯವರೇ, ವೇದಿಕೆಗೆ ಬರಬೇಕು ಎಂದು ಬೀಗರು ಹಟ ಹಿಡಿದರು. ನಾನು ತಾರಾಳ ಮುಖ ನೋಡಿದೆ. ಅವಳು ಬಹಳ ಹೊತ್ತು ಯೋಚಿಸಿ ಮೇಜು ತಟ್ಟಿದಳು.

ಭಾನುವಾರ, ಸಮುದಾಯ ಭವನ

ನಮ್ಮ ಕಡೆಯ ಸಮುದಾಯ ಭವನದ ಹಾಗೇ ಇತ್ತು. ಮಡಚುವ ಕುರ್ಚಿ, ಗೋಡೆಗೆ ಒರಗಿಸಿದ ಮೇಜು, ಹಿಂದೆ ದೊಡ್ಡ ಪಾತ್ರೆಯಲ್ಲಿ ಟೀ. ಊರೇ ಬಂದಿತ್ತು. ಹಾಡಿದವರಲ್ಲಿ ನಾದ ಬಲ್ಲವರು ಕಡಿಮೆ, ನಾಚಿಕೆ ಪಡುವವರು ಯಾರೂ ಇರಲಿಲ್ಲ. ಮೀಸೆಯ ಒಬ್ಬ ಕಟುಕ ಅಳೋ ಹಾಡು ಹಾಡಿ ನಿಜವಾಗಿ ಅತ್ತ. ಅಂಚೆ ತರುವ ಹೆಂಗಸು ಶಿಳ್ಳೆ ಹಾಡಿಗೆ ಶಿಳ್ಳೆ ಬಾರದೆ ಗಂಡನ ಹತ್ತಿರ ಹಾಕಿಸಿದಳು. ಒಂದೊಂದು ಹಾಡು ಶುರುವಾದಾಗಲೂ ನನಗೆ ಕಣದ ಒಂದೊಂದು ಮುಖ ಕಾಣುತ್ತಿತ್ತು. ಅವರಲ್ಲಿ ಅರ್ಧ ಜನ ಈಗಿಲ್ಲ. ಇಲ್ಲಿ ಹಾಡುತ್ತಿರುವವರಿಗೂ ಹಾಗೇ ಯಾರದೋ ಮುಖ ಕಾಣುತ್ತಿರಬೇಕು. ಹಾಡು ನಂಬರ್ ಒನ್ ಆಗಿತ್ತು ಎಂದರೆ ಅದೇ ಇರಬೇಕು ಅನ್ನಿಸಿತು. ಅಷ್ಟು ಜನರ ಮುಖ ಅದರಲ್ಲಿ ಉಳಿದಿರುತ್ತದೆ.

ನಮ್ಮ ಸರದಿ ಬಂತು. ವೇದಿಕೆಯ ಮೆಟ್ಟಿಲಲ್ಲೇ ನಾನು ನಿಂತುಬಿಟ್ಟಿದ್ದನ್ನು ನೋಡಿ ಬೀಗರು ತಮ್ಮ ತೋಟದ ಎಲೆ ಗುಡಿಸುವ ರೇಕು ತಂದು ಕೈಗೆ ಕೊಟ್ಟರು. ಕಣದ ವಿಷಯ ಕೇಳಿದ್ದರಲ್ಲ, ಹಿಡಿದುಕೊಂಡರೆ ಧೈರ್ಯ ಬರುತ್ತದೆ ಎಂದು ಮನೆಯಿಂದಲೇ ತಂದಿದ್ದರು. ಅವರು ಮಾಡಿದ್ದು ಒಳ್ಳೆಯದಕ್ಕೇ.

ತಾರಾ ಮೊದಲ ಚರಣ ಹಾಡಿದಳು. ಎಂಥ ದನಿ, ನನ್ನ ಕಣ್ಣೇ ತಾಗಬಾರದು. ಪಲ್ಲವಿಗೆ ನಾನು ಸೇರಬೇಕಿತ್ತು. ಕಲಿತ ಎರಡು ಸಾಲು ಸರಿಯಾಗೇ ಬಂತು. ಅವಳು ಕಾಲಿನಿಂದ ನೆಲ ತಟ್ಟಿದಳು, ಮೇಜು ತಟ್ಟಿದ ಹಾಗೆ. ಜನ ಚಪ್ಪಾಳೆ ತಟ್ಟಲು ಶುರುಮಾಡಿದರು. ಕೈಯಲ್ಲಿ ಹಿಡಿ, ಕಿವಿಯಲ್ಲಿ ಆ ಏಟು. ನನಗೆ ಆಮೇಲಿನದು ಗೊತ್ತಾಗಲಿಲ್ಲ. ಕಾಲು ತಾನಾಗಿ ಹೊರಟಿತು. ಎಳಿ ಎಳಿ ಎನ್ನುತ್ತಾ ವೇದಿಕೆಯ ಮುಂದಿನ ಅಂಚಿನ ತನಕ ರೇಕು ಎಳೆದುಕೊಂಡು ಹೋದೆ. ಸಾಲು ಮುಗಿಯಿತು. ಹಿಡಿ ಕುಟ್ಟಿದೆ, ಹೋಯ್ ಎಂದು ಕೂಗಿದೆ, ತಿರುಗಿದೆ. ತಿರುಗಿ ಜನರಿಗೆ ಬೆನ್ನು ಹಾಕಿ ಹಿಂದಿನ ಗೋಡೆಯ ಕಡೆಗೆ ಕಾಫಿ ಮಗುಚುತ್ತಾ ಹೊರಟೆ.

ಇಡೀ ಭವನ ನಕ್ಕಿತು. ಕೆಟ್ಟ ನಗುವಲ್ಲ, ಆದರೆ ದೊಡ್ಡ ನಗು. ನಾನು ಗೋಡೆಯ ಹತ್ತಿರ ಹೋಗಿಬಿಟ್ಟಿದ್ದೆ. ಹಿಂದೆ ಓಡಿ ಬರುವ ಹೆಜ್ಜೆ ಕೇಳಿಸಿತು. ನನ್ನ ಸೆರಗು ಹಿಡಿದು ಯಾರೋ ಎಳೆದರು.

"ಅಜ್ಜೀ, ಇತ್ಲಾಗೆ ತಿರುಗು. ಜನ ಇತ್ಲಾಗಿದಾರೆ."

ಇತ್ಲಾಗೆ ಎಂದಳು. ಆ ಕಡೆ ಈ ಕಡೆ ಎಂದಲ್ಲ, ಮಲ್ಲಂದೂರಿನವರ ಹಾಗೆ ಇತ್ಲಾಗೆ. ಸುಜಾತ ಅವಳಿಗೆ ಯಾವತ್ತೋ ಅಂಗಿ ಹಾಕಿಸುವಾಗ, ತಲೆ ಬಾಚುವಾಗ ಹೇಳಿದ್ದ ಮಾತು ಅದು. ನಾಲ್ಕು ವರ್ಷ ಒಳಗೇ ಇಟ್ಟುಕೊಂಡಿದ್ದಳು. ನನ್ನನ್ನು ನೋಡಿ ಜನ ನಗುವುದು ಅವಳಿಗೆ ಸಹಿಸಲಾಗಲಿಲ್ಲ, ಓಡಿ ಬಂದಳು. ಬರುವ ಅವಸರದಲ್ಲಿ ಬಾಯಿ ತೆರೆದಿದ್ದು ಅವಳಿಗೇ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಸುಜಾತ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು.

ನಾನು ಏನೂ ಆಗದವಳ ಹಾಗೆ ಇರಬೇಕೆಂದು ನನ್ನೊಳಗೇ ಹೇಳಿಕೊಂಡೆ. ಮಗು ಮಾತಾಡಿತು ಎಂದು ಅಲ್ಲೇ ಕುಣಿದಿದ್ದರೆ ಮತ್ತೆ ಹಳೆಯ ಕಥೆಯೇ ಆಗುತ್ತಿತ್ತು.

"ಹೌದಲ್ಲ ಮಗ," ಎಂದೆ, "ನಂಗೆ ಕಣದಲ್ಲೇ ಇದೀನಿ ಅನ್ಸ್ತು." ಹೇಳುವಾಗ ನಗು ತಡೆಯಲಾಗಲಿಲ್ಲ. ಗೋಡೆಗೆ ಕಾಫಿ ಒಣಗಿಸಲು ಹೋದ ಮುದುಕಿ ನಾನು. ಸೊಂಟ ಹಿಡಿದುಕೊಂಡು ನಕ್ಕೆ.

ತಾರಾ ನನ್ನ ಮುಖವನ್ನೇ ನೋಡಿದಳು. ನಾನು ನೊಂದಿದ್ದೇನೋ ಇಲ್ಲವೋ ಎಂದು ಹುಡುಕುತ್ತಿದ್ದಳು. ನೋವು ಸಿಗಲಿಲ್ಲ. ಆಮೇಲೆ ರೇಕಿನ ಹಿಡಿಯ ಮೇಲೆ ನನ್ನ ಕೈ ಪಕ್ಕ ತನ್ನ ಕೈ ಇಟ್ಟಳು. ಬೀಗರು ಅಕಾರ್ಡಿಯನ್ ನಿಲ್ಲಿಸಿರಲಿಲ್ಲ, ಅದೊಂದು ಪುಣ್ಯ. ಇಬ್ಬರೂ ಮುಂದಕ್ಕೆ ಎಳೆದುಕೊಂಡು ಬಂದೆವು. ಎರಡನೆಯ ಚರಣವನ್ನು ಅವಳು ಬಿಸಿಲು ಬಂತು ಬಾರೆ ಎಂದು ಶುರುಮಾಡಿದಳು. ನನ್ನ ಮಾತು, ಒಂದಕ್ಷರ ಬಿಡದೆ. ಅಂಚಿಗೆ ಬಂದಾಗ ಅವಳೇ ಹೋಯ್ ಎಂದಳು. ಆಗ ಕಟುಕನೂ ಅಂಚೆಯ ಹೆಂಗಸೂ ಎಲ್ಲರೂ ಕುರ್ಚಿಯಿಂದ ಎದ್ದು ನಮ್ಮ ಕಣದವರ ಹಾಗೆ ತಿರುಗಿದರು.

ಆ ಸಂಜೆ

ಅಲ್ಲಿ ಬೇಸಿಗೆಯ ಸಂಜೆಗೆ ಕತ್ತಲೇ ಆಗುವುದಿಲ್ಲ. ಊಟಕ್ಕೆ ಕೂರುವಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಬೀಗರು ಬಂದಿದ್ದರು. ದಾರಿಯಲ್ಲಿ ಮೀನು ತಂದಿದ್ದರು, ಕಾಗದ ಬಿಚ್ಚಿ ನೋಡಿದರೆ ನಮ್ಮ ಬಂಗುಡೆ. ಮಂಗಳೂರಿನಿಂದ ಘಾಟಿ ಹತ್ತಿ ಬರುವ ಅದೇ ಬಂಗುಡೆ. ಊರಿಂದ ತಂದ ಖಾರದಪುಡಿ ಹಾಕಿ ಸಾರು ಮಾಡಿದೆ, ಅಕ್ಕಿತರಿಯ ಕಡುಬು ಬೇಯಿಸಿದೆ. ಮೇಜಿನ ಸುತ್ತ ಐದೂ ಜನ ಕೂತೆವು. ಈ ಸಲ ಬೀಗರೂ ನಾನೂ ಒಟ್ಟಿಗೇ ಕೂತೆವು.

ತಾರಾ ಮಾತಾಡುತ್ತಿದ್ದಳು. ಒಂದು ಸಲ ಬಿಟ್ಟ ನೀರಿನ ಹಾಗೆ ಬರುತ್ತಿತ್ತು. ಕಡುಬು ಯಾಕೆ ದುಂಡಗಿದೆ, ಕಣದಲ್ಲಿ ಹಾವು ಬರುತ್ತಿತ್ತಾ, ರೈಟರ್ ಈಗಲೂ ಗದರುತ್ತಾರಾ, ಎಲ್ಲವೂ ಕನ್ನಡದಲ್ಲಿ. ನಾನು ಬಡಿಸುತ್ತಾ, ದಿನಾ ಹೀಗೇ ನಡೆಯುವುದೇನೋ ಎನ್ನುವ ಹಾಗೆ ಉತ್ತರ ಹೇಳುತ್ತಿದ್ದೆ. ಸುಜಾತ ಊಟ ಮಾಡುತ್ತಿರಲಿಲ್ಲ, ಮಗಳ ಬಾಯಿಯನ್ನೇ ನೋಡುತ್ತಿದ್ದಳು. ನಾನು ಮೇಜಿನ ಕೆಳಗೆ ಅವಳ ಕಾಲು ಮುಟ್ಟಿ, ತಿನ್ನು ಎಂದು ಸೂಚಿಸಿದೆ.

ಆಮೇಲೆ ತಾರಾ ವೇದಿಕೆಯ ಕಥೆ ಹೇಳತೊಡಗಿದಳು. ಅವಸರದಲ್ಲಿ ಮಾತು ಅಡಿಮೇಲಾಯಿತು.

"ಅಜ್ಜಿ ಹಾಡ್ತಾ ಇದ್ರಾ, ಆಗ ರೇಕು ಅಜ್ಜಿನ ಹಿಡ್ಕೊಂಡು ಗೋಡೆಗೆ ಹೋಯ್ತು."

ಸುಜಾತ ತಟ್ಟೆ ನೋಡಿದಳು. ಕನ್ನಡ ಅಷ್ಟಿಷ್ಟು ತಿಳಿಯುವ ಡೆಕ್ಲನ್ ನೀರಿನ ಲೋಟ ಎತ್ತಿ ಅದರ ಹಿಂದೆ ಮುಖ ಮುಚ್ಚಿಕೊಂಡ. ನಾನು ಸಾರಿನ ಪಾತ್ರೆಯ ತಳ ಕೆದಕುತ್ತಾ ಒಳಕೆನ್ನೆ ಕಚ್ಚಿ ಹಿಡಿದೆ. ಏನಾಯಿತೆಂದು ತಿಳಿಯದ ಬೀಗರು ಒಬ್ಬೊಬ್ಬರ ಮುಖವನ್ನೂ ನೋಡಿದರು.

ತಾರಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. ಅಮ್ಮನನ್ನು ನೋಡಿದಳು, ಅಪ್ಪನ ಲೋಟ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ನಗ್ಬೋದು," ಎಂದಳು. "ಎಲ್ಲಾರೂ ನಗ್ಬೋದು."

ಮೊದಲು ನಕ್ಕಿದ್ದು ಅವಳೇ. ಆಮೇಲೆ ಯಾರು ಯಾವಾಗ ಶುರುಮಾಡಿದರೋ ಗೊತ್ತಿಲ್ಲ, ಡೆಕ್ಲನ್‌ಗೆ ನೀರು ನೆತ್ತಿಗೇರಿತು, ಸುಜಾತ ನಗುತ್ತಲೇ ಅತ್ತಳು. ಒಂದು ಮಾತೂ ಅರ್ಥವಾಗದ ಬೀಗರು ಎಲ್ಲರಿಗಿಂತ ಜೋರಾಗಿ ನಕ್ಕು, ಖಾರಕ್ಕೆ ಬೆವರು ಒರೆಸಿಕೊಂಡು, ತಟ್ಟೆ ಮುಂದೆ ಹಿಡಿದರು. ನಾನು ಇನ್ನೊಂದು ಕಡುಬು ಹಾಕಿದೆ.